ಸ್ವಂತ ಬ್ಯಾಗು ಹೊತ್ತ ನಾಲ್ಕು ದಿನ

ಉಳ್ಳಾಲದ ಬಾವ ಬ್ಯಾರಿಯ ಬ್ಯಾಗು ತೂಗಿದಾಗ ಆರೂವರೆ ಕಿಲೋ ಬಂತು.

ತೂಗಿದ್ದು ದುಬೈಯ ಮುಹೈಸ್ನಾದಲ್ಲಿ, ಕ್ಯಾಂಪಿನ ಅವನ ಕೋಣೆಯ ಬಾಗಿಲಿಗೆ ನೇತುಹಾಕಿದ್ದ ತಕ್ಕಡಿಯಲ್ಲಿ. ಊರಿಗೆ ಹೊರಟವರ ಕಾರ್ಟನ್‌ಗಳಿಗೆ ಹಗ್ಗ ಬಿಗಿದು, ಆರೂ ಬದಿಗೆ ಮಾರ್ಕರಿನಲ್ಲಿ ಹೆಸರು ಬರೆದುಕೊಡುವುದರಲ್ಲಿ ಆ ಕ್ಯಾಂಪಿನಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಇಪ್ಪತ್ತನಾಲ್ಕು ವರ್ಷಗಳಲ್ಲಿ ಅವನು ವಿಮಾನ ಹತ್ತಿದ್ದೆಲ್ಲ ಮಂಗಳೂರಿಗೇ. ಪ್ರತಿ ಸಲವೂ ಮೂವತ್ತು ಕಿಲೋ, ಅದರಲ್ಲಿ ತನ್ನದೆಂದರೆ ಎರಡು ಲುಂಗಿ. ಈ ಬ್ಯಾಗಿನಲ್ಲಿ ಬೇರೆ ಯಾರದೂ ಏನೂ ಇರಲಿಲ್ಲ.

ಎದುರು ಮಂಚದ ಝಿಯಾದ್ ತಮಾಷೆ ಮಾಡಿದ. "ಅದು ಯುರೋಪ್ ಎಲ್ಲ ಅಲ್ಲ ಬಾವಾಕ. ಯುರೋಪಿನವರು ಚಪ್ಪಲಿ ಬಿಡುವ ಜಾಗ."

ಹೊರಟಿದ್ದು ಜಾರ್ಜಿಯಾ ದೇಶದ ಕುಟೈಸಿ ಎಂಬ ಚಿಕ್ಕ ಪಟ್ಟಣಕ್ಕೆ. ಎಮಿರೇಟ್ಸ್‌ನಲ್ಲಿ ವಾಸದ ಪರವಾನಗಿ ಇದ್ದವರಿಗೆ ಅಲ್ಲಿ ವೀಸಾದ ತಾಪತ್ರಯವಿಲ್ಲ ಎಂದು ಹುಡುಕಿದ್ದವನು ಆಲ್ಫೋನ್ಸ್. ಶಿರ್ವದ ಆಲ್ಫೋನ್ಸ್ ಮತ್ತು ಉಳ್ಳಾಲದ ಬಾವ ದುಬೈಗೆ ಬಂದ ಹೊಸತರಲ್ಲಿ ದೇರಾದ ಒಂದು ಸಣ್ಣ ಹೋಟೆಲಿನಲ್ಲಿ ಒಟ್ಟಿಗೆ ಕೆಲಸಕ್ಕಿದ್ದವರು. ಆಗಿನಿಂದ ಅವನಿಗೆ ಇವನು ಬ್ಯಾರಿ, ಇವನಿಗೆ ಅವನು ಪೊರ್ಬು. ಬಾವನ ಕೆಲಸ ಗಿರಾಕಿಗಳ ಸಾಮಾನು ಹೊರುವುದು. ಬೆನ್ನಿಗೆ ಬ್ಯಾಗು ಕಟ್ಟಿಕೊಂಡು ಬರುವ ಯುರೋಪಿನ ಹುಡುಗ ಹುಡುಗಿಯರು ಮಾತ್ರ ಬ್ಯಾಗು ಕೊಡುತ್ತಿರಲಿಲ್ಲ. ಬೇಡ, ನಾವೇ ಹೊರುತ್ತೇವೆ ಎನ್ನುತ್ತಿದ್ದರು. ಒಂದು ದಿನ ಇವರ ಊರಿನಲ್ಲಿ ನಾವೂ ಹೀಗೇ ತಿರುಗಬೇಕು ಎಂದು ಇಬ್ಬರೂ ಆಗಲೇ ಮಾತಾಡಿಕೊಂಡಿದ್ದರು. ಆಮೇಲೆ ಆಲ್ಫೋನ್ಸ್ ಅಲ್ ಐನ್‌ನ ಆಸ್ಪತ್ರೆಯೊಂದರ ದಾಖಲೆ ವಿಭಾಗಕ್ಕೆ ಹೋದ. ಬಾವ ಕಟ್ಟಡ ಸಾಮಗ್ರಿಯ ಕಂಪನಿಯೊಂದರಲ್ಲಿ ಸ್ಟೋರ್‌ಕೀಪರ್ ಆದ. ರಜೆಗಳು ಮದುವೆ, ಮರಣ, ಮನೆ ಒಕ್ಕಲಿಗೆ ಹೋದವು. ಈಗ ಆಲ್ಫೋನ್ಸ್ ತಿಂಗಳ ಕೊನೆಗೆ ಶಾಶ್ವತವಾಗಿ ಶಿರ್ವಕ್ಕೆ ಹೊರಟಿದ್ದ. ಹೋಗುವುದಿದ್ದರೆ ಈಗಲೇ.

ಆಲ್ಫೋನ್ಸ್‌ಗೆ ಗೊತ್ತಿಲ್ಲದ ಒಂದು ಸಂಗತಿಯಿತ್ತು. ಹೊರಡುವ ಎರಡು ವಾರ ಮೊದಲು ಬಾವನ ಕಂಪನಿ ಅವನ ವೀಸಾ ಕ್ಯಾನ್ಸಲ್ ಮಾಡಿತ್ತು. ಕಾಗದಕ್ಕೆ ಸಹಿ ಹಾಕಿಸಿಕೊಂಡ ಮಂದೂಬ್, ಅಂದರೆ ಕಂಪನಿಯ ವೀಸಾ ಕೆಲಸಗಳಿಗೆ ಓಡಾಡುವವನು, ಇನ್ನು ಅರವತ್ತು ದಿನ ಇದೆ, ಅಷ್ಟರಲ್ಲಿ ಬೇರೆ ಕೆಲಸ ನೋಡಿಕೋ ಎಂದಿದ್ದ. ಬಾವ ನೋಡಿಕೊಂಡೂ ಆಗಿತ್ತು. ಅಬುಧಾಬಿಯ ಖಲೀಫಾ ಸಿಟಿಯ ಒಂದು ಶಾಲೆಯಲ್ಲಿ ಸ್ಟೋರಿನ ಕೆಲಸ; ಪ್ರವಾಸದಿಂದ ಮರಳಿದ ಸೋಮವಾರ ಹಾಜರಾಗಬೇಕು. ಐವತ್ತನಾಲ್ಕನೇ ವಯಸ್ಸಿನಲ್ಲಿ ಅಂಥದ್ದು ಎರಡನೇ ಸಲ ಸಿಗುವುದಿಲ್ಲ ಎಂದು ಅವನಿಗೆ ತಿಳಿದಿತ್ತು.

ಆ ಅರವತ್ತು ದಿನ ದೇಶದ ಒಳಗಿರುವವನಿಗೆ. ಹೊರಗೆ ಕಾಲಿಟ್ಟವನಿಗೆ ಒಂದು ದಿನವೂ ಇಲ್ಲ. ಬಾವ ಇದನ್ನು ಯಾರಲ್ಲೂ ಕೇಳಲಿಲ್ಲ. ಕೇಳಿದರೆ ಕ್ಯಾನ್ಸಲ್ ಆದದ್ದು ಆಲ್ಫೋನ್ಸ್‌ವರೆಗೆ ಹೋಗುತ್ತದೆ, ಅವನು ಆ ಕ್ಷಣವೇ ಪ್ರವಾಸ ಬಿಡುತ್ತಾನೆ. ಅಲ್ಲದೆ ಬಾವ ಹಳೆಯ ಕಾಲದವನು. ಹಿಂದೆ ವೀಸಾ ಪಾಸ್‌ಪೋರ್ಟಿನಲ್ಲೇ ಅಂಟಿರುತ್ತಿತ್ತು, ಕ್ಯಾನ್ಸಲ್ ಆದರೆ ಅದರ ಮೇಲೇ ಮುದ್ರೆ ಬೀಳುತ್ತಿತ್ತು. ಈಗ ಇರುವುದು ಗುರುತಿನ ಕಾರ್ಡು ಮಾತ್ರ. ಅದನ್ನು ಮಂದೂಬ್ ಕೇಳಿ ತೆಗೆದುಕೊಂಡಿರಲಿಲ್ಲ. ಕಾರ್ಡಿನ ಮೇಲೆ ಮುಂದಿನ ವರ್ಷದ ತಾರೀಕಿತ್ತು, ಮುದ್ರೆ ಎಲ್ಲಿಯೂ ಇರಲಿಲ್ಲ. ಅಬುಧಾಬಿಯ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಮಾತಿಲ್ಲದೆ ಬಿಟ್ಟಾಗ ಬಾವ ಅದನ್ನೇ ಅನುಮತಿ ಎಂದುಕೊಂಡ. ಹೋಗುವವನನ್ನು ಯಾರೂ ತಡೆಯುವುದಿಲ್ಲ ಎಂಬುದು ಅವನಿಗೆ ಹೊಳೆಯಲಿಲ್ಲ.

ಕುಟೈಸಿಯಲ್ಲಿ ತಂಗಿದ್ದ ಮನೆಯ ಒಡತಿ ಮೆಟ್ಟಿಲ ಬುಡದಲ್ಲಿ ಅವನ ಬ್ಯಾಗಿಗೆ ಕೈ ಚಾಚಿದಳು. ಬೇಡ, ನಾನೇ ಹೊರುತ್ತೇನೆ ಎಂದ ಬಾವ. ಹಾಗೆಂದವನು ಆಲ್ಫೋನ್ಸ್‌ನ ಮುಖ ನೋಡಿ ನಕ್ಕ. ನಾಲ್ಕು ದಿನವೂ ಇಬ್ಬರೂ ಬ್ಯಾಗುಗಳನ್ನು ಕೋಣೆಯಲ್ಲಿ ಬಿಡಲಿಲ್ಲ. ಸೇತುವೆಯ ಮೇಲೆ ನಿಂತು ಕೆಳಗೆ ಹೊಳೆಯ ಬಿಳಿ ಬಂಡೆಗಳನ್ನು ನೋಡಿದರು. ಗುಡ್ಡದ ಮೇಲಿನ ಹಳೆಯ ಇಗರ್ಜಿಗೆ ಕಲ್ಲುಹಾದಿಯಲ್ಲಿ ಏದುಸಿರು ಬಿಡುತ್ತ ಹತ್ತಿದರು. ಆಲ್ಫೋನ್ಸ್ ಒಳಗೆ ಮೇಣದ ಬತ್ತಿ ಹಚ್ಚಿ ಬರುವವರೆಗೆ ಬಾವ ಹೊರಗೆ ಬಿಸಿಲಿಗೆ ಬೆನ್ನು ಕೊಟ್ಟು ಕೂತ. ಮಾಂಸ ಹಲಾಲೋ ಅಲ್ಲವೋ ಗೊತ್ತಾಗದೆ ಮೂರು ಹೊತ್ತೂ ಚೀಸ್ ತುಂಬಿದ ರೊಟ್ಟಿ ತಿಂದ. ಮಾರುಕಟ್ಟೆಯಲ್ಲಿ ಅಕ್ರೋಟನ್ನು ದಾರಕ್ಕೆ ಪೋಣಿಸಿ ದ್ರಾಕ್ಷಿರಸದಲ್ಲಿ ಅದ್ದಿ ಒಣಗಿಸಿದ ಸಿಹಿ ಸಿಕ್ಕಿತು. ಅದನ್ನು ಹನ್ನೆರಡು ಕೊಂಡ. ಶಾಲೆಯಲ್ಲಿ ಮೊದಲ ದಿನ ಹಂಚಲಿಕ್ಕೆ, ಇನ್ನೂ ಮುಖ ನೋಡದ ಜನರಿಗೆ.

"ಗಳಿಗೆಗೊಮ್ಮೆ ಕಿಸೆ ಮುಟ್ತೀಯಲ್ಲ ಬ್ಯಾರಿ," ಎಂದ ಆಲ್ಫೋನ್ಸ್. "ಅಲ್ಲಿ ಎಂತ, ಕೋಳಿಮೊಟ್ಟೆಯಾ?"

ಕಿಸೆಯಲ್ಲಿದ್ದದ್ದು ಕಾರ್ಡು.

ಶನಿವಾರ ಮಧ್ಯಾಹ್ನ ವಿಮಾನ ನಿಲ್ದಾಣದ ಕೌಂಟರಿನ ಹೆಂಗಸು ಆಲ್ಫೋನ್ಸ್‌ನ ಬೋರ್ಡಿಂಗ್ ಪಾಸ್ ಕೊಟ್ಟು ಬಾವನ ಪಾಸ್‌ಪೋರ್ಟ್ ತೆಗೆದುಕೊಂಡಳು. ಏನೋ ಟೈಪ್ ಮಾಡಿದಳು, ಮತ್ತೊಮ್ಮೆ ಮಾಡಿದಳು, ಎಲ್ಲಿಗೋ ಫೋನು ಮಾಡಿದಳು. ವಾಸದ ಪರವಾನಗಿ ರದ್ದಾಗಿದೆ, ಹತ್ತಿಸಲು ಆಗುವುದಿಲ್ಲ ಎಂದಳು. ಬಾವ ಕಾರ್ಡಿನ ತಾರೀಕಿನ ಮೇಲೆ ಬೆರಳಿಟ್ಟು ತೋರಿಸಿದ. ಅವಳು ಕಂಪ್ಯೂಟರ್ ಪರದೆಯನ್ನು ಅವನ ಕಡೆ ತಿರುಗಿಸಿದಳು.

"ಎಂತ ಹೇಳ್ತಾಳೆ ಇವಳು? ಕಾರ್ಡ್ ಉಂಟಲ್ಲ ನಿನ್ನತ್ರ."

"ಕ್ಯಾನ್ಸಲ್ ಆಗಿದೆ, ಪೊರ್ಬು."

"ಯಾವಾಗ?"

"ಹದಿನೆಂಟು ದಿನ ಆಯ್ತು."

ಹಿಂದಿನ ಸಾಲಿನವರು ಅವರನ್ನು ಸುತ್ತಿ ಮುಂದೆ ಹೋದರು. ಆಲ್ಫೋನ್ಸ್ ತನ್ನ ಬೋರ್ಡಿಂಗ್ ಪಾಸನ್ನು ಕೌಂಟರಿನ ಮೇಲೆ ಇಟ್ಟ. "ಒಂದು ಮಾತು ಹೇಳಿದ್ದರೆ ನಾನು ಮನೆಯಿಂದ ಹೊರಗೆ ಹೆಜ್ಜೆ ಇಡ್ತಿರಲಿಲ್ಲ ಮಾರಾಯ."

"ಅದಕ್ಕೇ ಹೇಳಲಿಲ್ಲ."

ವಿಮಾನ ಹತ್ತುವ ಹೊತ್ತಿನವರೆಗೆ ವಿಚಾರಿಸಿದರೂ ದಾರಿ ಒಂದೇ ಉಳಿಯಿತು: ಬಾವ ಬೇರೆ ವಿಮಾನದಲ್ಲಿ ಭಾರತಕ್ಕೆ. ಜೊತೆಗೆ ಇರುತ್ತೇನೆಂದ ಆಲ್ಫೋನ್ಸ್‌ನನ್ನು ಅವನೇ ಒಳಗೆ ತಳ್ಳಿದ. ತಳ್ಳುವ ಮೊದಲು ಮುಹೈಸ್ನಾದ ಕೋಣೆಯ ಕಪಾಟಿನ ಕೀಲಿಕೈಯನ್ನೂ ಸಿಹಿಯ ಪೊಟ್ಟಣವನ್ನೂ ಅವನ ಬ್ಯಾಗಿಗೆ ತುರುಕಿದ. ಸಿಹಿ ಕ್ಯಾಂಪಿನವರಿಗೆ ಕೊಡು ಎಂದ.

ಸೋಮವಾರ ಶಾಲೆಯಿಂದ ಕರೆ ಬಂದಾಗ ಬಾವ ಉಳ್ಳಾಲದಲ್ಲಿದ್ದ. ಹೊರಗಿದ್ದವನಿಗೆ ಹೊಸ ವೀಸಾ ಕೂಡಲೇ ಆಗುವಂಥದ್ದಲ್ಲ; ಅವರು ಒಂದು ವಾರ ಕಾದು ಬೇರೆಯವರನ್ನು ತೆಗೆದುಕೊಂಡರು.

ತಿಂಗಳ ಕೊನೆಯ ಶುಕ್ರವಾರ ಆಲ್ಫೋನ್ಸ್ ಮುಹೈಸ್ನಾದ ಆ ಕೋಣೆಯಿಂದ ವಿಡಿಯೋ ಕರೆ ಮಾಡಿದ. ಬಾವನ ಸಾಮಾನನ್ನೆಲ್ಲ ಒಂದು ಕಾರ್ಟನ್‌ಗೆ ತುಂಬಿದ್ದ. ತಾನು ಊರಿಗೆ ಬರುವಾಗ ತರುವವನಿದ್ದ. ಝಿಯಾದ್ ಫೋನು ಹಿಡಿದಿದ್ದ. ಆಲ್ಫೋನ್ಸ್ ಮೊಣಕಾಲೂರಿ ಹಗ್ಗವನ್ನು ಅಡ್ಡಕ್ಕೆ ಸುತ್ತಿದ, ಉದ್ದಕ್ಕೆ ಸುತ್ತಿದ, ನಡುವೆ ಗಂಟು ಹಾಕಿ ಮುಖ ಎತ್ತಿದ.

"ನೋಡು, ಸರಿ ಉಂಟಾ?"

ಗಂಟು ತಪ್ಪಾಗಿತ್ತು. ಮಂಗಳೂರು ವಿಮಾನ ನಿಲ್ದಾಣದ ಬೆಲ್ಟಿನ ಮೇಲೆ ಬೀಳುವ ಮೊದಲೇ ಅದು ಬಿಚ್ಚಿಕೊಳ್ಳುತ್ತದೆ ಎಂದು ಬಾವನಿಗೆ ನೋಡಿದ ಕೂಡಲೇ ಗೊತ್ತಾಯಿತು.

"ಸರಿ ಉಂಟು," ಎಂದ. "ಹೆಸರು ಬರಿ."