ಡಾಕ್ಟರ್ ಬಾಯಿ ಹಡಗು ಹತ್ತಿದ್ದು

ಅವರ ಬಲಗೈಯ ಹೆಬ್ಬೆರಳೂ ತೋರುಬೆರಳೂ ಯಾವಾಗಲೂ ಒಂದಕ್ಕೊಂದು ಉಜ್ಜಿಕೊಳ್ಳುತ್ತಿದ್ದವು. ಸುಟ್ಟ ಸೀತನಿಯಿಂದ, ಎಳೆ ಜೋಳದ ತೆನೆಯಿಂದ, ಕಾಳು ಉದುರಿಸುವವರ ಬೆರಳು ಹೇಗೆ ಆಡುತ್ತವೆಯೋ ಹಾಗೆ. ಮೊದಲ ಸಲ ಕಂಡಾಗ ನಿಜವಾಗಿಯೂ ಏನನ್ನೋ ಬಿಡಿಸುತ್ತಿದ್ದಾರೆ ಅಂದುಕೊಂಡು ನಾನು ಅವರ ಅಂಗೈಯನ್ನೇ ನೋಡಿದೆ. ಅಲ್ಲಿ ಏನೂ ಇರಲಿಲ್ಲ. ನಾನು ನೋಡಿದ್ದು ಅವರಿಗೆ ತಿಳಿಯಿತು. ಕೈಯನ್ನು ಸೆರಗಿನೊಳಗೆ ಎಳೆದುಕೊಂಡು, "ಮನಿ ಮ್ಯಾಲ ಅದರಿ. ಗಾಳಿ ಭಾಳ ಛಲೋ ಬರ್ತದ. ಹತ್ತಿ ನೋಡಿ ಬರ್ರಿ, ನಾ ಇಲ್ಲೇ ಇರ್ತೇನಿ" ಅಂದರು.

ಬೀದರಿನ ನೌಬಾದದ ಆ ಮನೆಯ ಮೇಲಿನ ಭಾಗಕ್ಕೆ ನಾನು ಬಾಡಿಗೆಗೆ ಬಂದದ್ದು ಹೀಗೆ. ನಾನು ಭಾಲ್ಕಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ನನ್ನ ಗಂಡ ತೀರಿಕೊಂಡ ಮೇಲೆ ಭಾಲ್ಕಿಯ ಮನೆಯಲ್ಲಿ ಇರಲಾಗಲಿಲ್ಲ. ಅವರು ಅಂಗಿ ನೇತುಹಾಕುತ್ತಿದ್ದ ಗೂಟ ಖಾಲಿ ಇರುವುದನ್ನು ನೋಡುತ್ತ ಎಷ್ಟು ದಿನ ಕಳೆಯುವುದು? ಬೀದರಿನಲ್ಲಿ ಮನೆ ಮಾಡಿ ದಿನಾ ಬಸ್ಸಿನಲ್ಲಿ ಹೋಗಿಬರುವುದೆಂದು ನಿಶ್ಚಯಿಸಿದ್ದೆ. ಬಸ್ಸಿನಲ್ಲಿ ಕಳೆಯುವಷ್ಟು ಹೊತ್ತು ಮನೆಯಲ್ಲಿ ಇರುವುದು ತಪ್ಪುತ್ತದಲ್ಲ, ಅದೇ ಲಾಭ.

ಮನೆ ತೋರಿಸಿದ, ಕೆಳಗೇ ಇದ್ದ ಮಾಲಕಿ ನಿವೃತ್ತ ಪಶುವೈದ್ಯೆ. ಔರಾದದವರು. ಸರ್ವಿಸಿನ ಬಹುಪಾಲು ಅಲ್ಲಿಯೇ, ಕುರಿ ಸಾಕುವವರ ಹಟ್ಟಿಗಳ ನಡುವೆ ಕಳೆದಿದ್ದರು. ಮದುವೆಯಾಗಿರಲಿಲ್ಲ. ಎಲ್ಲರಿಗೂ ಅವರು ಡಾಕ್ಟರ್ ಬಾಯಿ. ಅವರ ಕೈಗುಣದ ಮಾತು ಕಮಠಾಣದವರೆಗೂ ಹಬ್ಬಿತ್ತು. ಅಡ್ಡ ಸಿಕ್ಕಿದ ಮರಿಯನ್ನು ತಾಯಿ ಕುರಿಗೆ ನೋವಾಗದಂತೆ ತಿರುಗಿಸಿ ಹೊರಗೆ ತರುವ ಕೈ ಅದು ಎಂದು ಜನ ಹೇಳುತ್ತಿದ್ದರು. ಆ ಕೈಗೇ ನಡುಕ ಬಂದಿತ್ತು. ನಿವೃತ್ತಿಯಾದ ಮೇಲೂ ಯಾರಾದರೂ ಕುರಿ ಹೊತ್ತು ತಂದರೆ ದೂರ ನಿಂತು, ಕೈಕಟ್ಟಿಕೊಂಡು, ಹೀಗೆ ಮಾಡ್ರಿ, ಹಾಂಗ ಮಾಡ್ರಿ ಅನ್ನುತ್ತಿದ್ದರು. ಮುಟ್ಟುತ್ತಿರಲಿಲ್ಲ. ಕುರಿಯವರು ಹೋದ ಮೇಲೆ ಬಹಳ ಹೊತ್ತು ಬಾಗಿಲಲ್ಲೇ ಕೂತಿರುತ್ತಿದ್ದರು.

ನಾನು ಎಷ್ಟು ಕರೆದರೂ ಅವರು ಚಹಾಕ್ಕೆ ಬರುತ್ತಿರಲಿಲ್ಲ. "ಈಗಷ್ಟೇ ಕುಡದೇನ್ರಿ ಟೀಚರ್" ಅನ್ನುವುದು ಅವರ ಖಾಯಂ ಉತ್ತರ. ಮದುವೆ, ಮುಂಜಿ, ಓಣಿಯ ನಾಮಕರಣ, ಯಾವುದಕ್ಕೂ ಹೋಗುತ್ತಿರಲಿಲ್ಲ. ಮಂದಿ ಅವರಿಗೆ ಸೊಕ್ಕು ಅನ್ನುತ್ತಿದ್ದರು. ಒಂದು ಸಂಜೆ ಅವರು ಒಣಗಿದ ಬಟ್ಟೆ ತೆಗೆಯಲು ಮಾಳಿಗೆಗೆ ಬಂದಾಗ ನಾನು ಎತ್ತರದ ಸ್ಟೀಲ್ ಲೋಟದಲ್ಲಿ ಅರ್ಧದಷ್ಟೇ ಚಹಾ ಹಾಕಿ ಕಟ್ಟೆಯ ಮೇಲಿಟ್ಟು, ಅವರಿಗೆ ಬೆನ್ನು ಮಾಡಿ ಬಟ್ಟೆ ಮಡಚುತ್ತ ನಿಂತೆ. ಲೋಟ ಕಟ್ಟೆಗೆ ತಾಗಿ ಸದ್ದಾಯಿತು. ನಾನು ತಿರುಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಶುಂಠಿ ಜರಾ ಕಮ್ಮಿ ಆಗ್ಯಾದ" ಅಂದರು. ಅಂದಿನಿಂದ ಸಂಜೆಯ ಚಹಾ ಮಾಳಿಗೆಯ ಮೇಲೆಯೇ ಆಯಿತು.

ಅವರಿಗೆ ಇದ್ದ ಒಂದೇ ಖಯಾಲಿ ಎಂದರೆ ಫೋಟೋ. ಸರ್ವಿಸಿನಲ್ಲಿದ್ದಾಗಲೇ ಒಳ್ಳೆಯ ಕ್ಯಾಮೆರಾ ಕೊಂಡಿದ್ದರು. ತೊಡೆಯ ಮೇಲೆ ಮಲಗಿಸಿಕೊಳ್ಳಬೇಕಾದಷ್ಟು ದೊಡ್ಡ, ಉದ್ದನೆಯ ಲೆನ್ಸ್ ಒಂದಿತ್ತು. ಅದರಿಂದ ಹುಲ್ಲುಗಾವಲಿನ ಕೃಷ್ಣಮೃಗಗಳನ್ನು, ಮೇಯುವ ಕುರಿಗಳನ್ನು ದೂರದಿಂದಲೇ ಹತ್ತಿರ ತಂದುಕೊಳ್ಳುತ್ತಿದ್ದರು. ಅವರು ತೆಗೆದದ್ದರಲ್ಲಿ ಮನುಷ್ಯರ ಫೋಟೋ ಒಂದೂ ಇರಲಿಲ್ಲ. ಯಾಕೆಂದು ಕೇಳಿದೆ.

"ಮನಷ್ಯಾಗ ಕ್ಯಾಮೆರಾ ತೋರಿಸಿದ್ರ ಮಾರಿ ಬದಲು ಮಾಡ್ತಾನ್ರಿ. ಕುರಿ ಮಾಡಂಗಿಲ್ಲ."

ಒಂದು ದಿನ ನಾನು ಶಾಲೆಯಿಂದ ಬರುವಾಗ ಅವರ ಬಾಗಿಲು ತೆರೆದಿತ್ತು. ಮಂಚದ ಮೇಲೆ ಚಾದರ ಹಾಸಿ, ತಮ್ಮಲ್ಲಿದ್ದ ಸಾಮಾನನ್ನೆಲ್ಲ ಹರಡಿಕೊಂಡು ಕೂತಿದ್ದರು. ಉದ್ದನೆಯ ಲೆನ್ಸ್, ಗಿಡ್ಡನೆಯದು ಒಂದು, ಮಧ್ಯಮದ್ದು ಒಂದು, ಮೂರು ಕಾಲಿನ ಸ್ಟ್ಯಾಂಡ್, ಬ್ಯಾಟರಿ, ಚಾರ್ಜರ್, ಒರೆಸುವ ಮೆತ್ತನೆಯ ಅರಿವೆ. ಎದುರಿಗೆ ಒಂದೇ ಒಂದು ಸಣ್ಣ ಚೀಲ.

"ಬರ್ರಿ ಟೀಚರ್, ಛಲೋ ವ್ಯಾಳ್ಯಾಕ ಬಂದ್ರಿ. ನಾ ಹಡಗಿನ್ಯಾಗ ಹೊಂಟೇನಿ. ಇದ್ರಾಗ ಏನು ಒಯ್ಯಲಿ, ಏನು ಬಿಡಲಿ ಹೇಳ್ರಿ."

ನಾನು ನಕ್ಕೆ. ಅವರು ನಗಲಿಲ್ಲ. ಮುಂಬೈಯಿಂದ ಹೊರಟು ಲಕ್ಷದ್ವೀಪದ ಕಡೆ ಹೋಗಿಬರುವ ಪ್ರವಾಸಿ ಹಡಗು. ಟಿಕೆಟ್ ಆಗಿಹೋಗಿತ್ತು, ಒಬ್ಬರಿಗೇ. ಬೀದರಿನ ಈ ಕೆಂಪು ನೆಲದಲ್ಲಿ ಕೆರೆ ತುಂಬಿದರೇ ಹಬ್ಬ. ಇಲ್ಲಿಂದ ಹಡಗಿನ ಯೋಚನೆ ಇವರಿಗೆ ಎಲ್ಲಿಂದ ಬಂತು?

ಆಗ ಅವರು ತಂದೆಯ ವಿಷಯ ಹೇಳಿದರು. ಗೋಡೆಯ ಮೇಲೆ ಬುದ್ಧನ ಪಟದ ಪಕ್ಕದಲ್ಲಿದ್ದ ಫೋಟೋದಲ್ಲಿ ಮಾತ್ರ ನಾನು ಅವರನ್ನು ಕಂಡಿದ್ದೆ. ತಂದೆ ಹರೆಯದಲ್ಲಿ ಔರಾದ ಬಿಟ್ಟು ಮುಂಬೈಗೆ ಹೋಗಿ, ಹಡಗುಗಳು ಬಂದು ನಿಲ್ಲುವ ಗೋದಿಯಲ್ಲಿ ಹಮಾಲಿ ಮಾಡಿದ್ದರು. ಮಗಳು ಸಾಲಿಗೆ ಹೋಗುವ ವಯಸ್ಸಿಗೆ ಊರಿಗೆ ಮರಳಿ, ಅವಳನ್ನು ಓದಿಸಿದರು. ಅವರ ಕೇರಿಯಿಂದ ಕಾಲೇಜು ಮುಟ್ಟಿದ ಮೊದಲ ಹೆಣ್ಣುಮಗಳು ಇವರೇ.

"ಅಪ್ಪ ದಿನಾ ಹಡಗಿನ ಸುದ್ದಿನೇ ಹೇಳ್ತಿದ್ದ್ರಿ. ಸಂಜಿಕಿ ದೀಪಾ ಹಚ್ಚಕೊಂಡು ಹಡಗ ಹೊಂಟ್ರ, ಗೋದಿ ಮ್ಯಾಲ ಕುಂತು ನೋಡ್ತಿದ್ದನಂತ. ಮ್ಯಾಲ ನಿಂತಾವರು ಕೈ ಬೀಸ್ತಿದ್ರಂತ. ಯಾರಿಗಿ ಬೀಸ್ತಾರೋ ಏನೋ, ನಾನೂ ಬೀಸ್ತಿದ್ದೆ ಅಂತಿದ್ದ. ಅಷ್ಟು ವರ್ಷ ಹಡಗಿಗಿ ಮೂಟಿ ಹೊತ್ತಾನ, ಹಡಗಿನ್ಯಾಗ ಕುಂತಿಲ್ಲ." ಬೆರಳುಗಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡರು. "ಅಪ್ಪ ಕುಂತ ಜಾಗಾ ಮ್ಯಾಲಿನಿಂದ ಹ್ಯಾಂಗ ಕಾಣತದ, ಒಂದು ಫೋಟೋ ಬೇಕಾಗ್ಯಾದ್ರಿ ನನಗ. ಒಂದೇ ಒಂದು. ಆದ್ರ ಛಲೋದು."

ತೊಡಕು ಇದ್ದದ್ದು ಅಲ್ಲಿಯೇ. ಹಡಗು ಬಿಡುವುದು ಕತ್ತಲಾಗುವ ಹೊತ್ತಿಗೆ. ತಂದೆ ಕೂತಿದ್ದ ಆ ದಕ್ಕೆ ದೂರವಾಗುತ್ತ ಹೋಗುತ್ತದೆ. ಉದ್ದನೆಯ ಲೆನ್ಸ್ ಅದನ್ನು ಹತ್ತಿರ ತರುತ್ತದೆ, ಆದರೆ ಕೈ ಕೂದಲೆಳೆಯಷ್ಟು ನಡುಗಿದರೂ ಆ ನಡುಕವನ್ನು ನೂರ್ಮಡಿ ಮಾಡಿ ತೋರಿಸುತ್ತದೆ. ಗಿಡ್ಡನೆಯದು ಹಗುರ, ನಡುಕವನ್ನು ಕ್ಷಮಿಸುತ್ತದೆ, ಆದರೆ ದಕ್ಕೆಯ ಮೇಲಿನ ಮನುಷ್ಯ ಕಾಳಿನಷ್ಟಾಗುತ್ತಾನೆ.

"ನಡುಕ ತಡಿಯೋ ಬಟನ್ ಅದರಿ ಇದಕ್ಕ" ಎಂದು ಲೆನ್ಸಿನ ಪಕ್ಕ ತೋರಿಸಿದರು. "ಆದ್ರ ಅದಕ್ಕೂ ಒಂದು ಹದ್ದು ಇರ್ತದ."

"ಸ್ಟ್ಯಾಂಡ್ ಅದಲ್ರಿ, ಅದರ ಮ್ಯಾಲ ಇಟ್ಟು ತೆಗೀರಿ" ಅಂದೆ. ನನಗೆ ತಿಳಿದದ್ದು ಅಷ್ಟೇ.

ಅವರು ಯೋಚಿಸಿ, "ಹಡಗಿನ ನೆಲಾನೇ ನಡಗತದಂತ. ನೋಡೇ ಬಿಡೂಣು ನಡೀರಿ" ಎಂದು ಎದ್ದರು.

ಹೋದದ್ದು ಎಲ್ಲಿಗೆ ಎಂದರೆ ಚಿದ್ರಿಯ ಹಿಟ್ಟಿನ ಗಿರಣಿಗೆ! ಗಿರಣಿ ಶುರುವಾದರೆ ಅದರ ನೆಲ ಕಾಲಿನ ಮೂಳೆಯವರೆಗೂ ಗುಂಯ್ ಅನ್ನುತ್ತಿತ್ತು. ಹಡಗಿಗೆ ಅದಕ್ಕಿಂತ ಸಮೀಪದ್ದು ಬೀದರಿನಲ್ಲಿ ಸಿಗದು ಎಂಬುದು ಅವರ ಲೆಕ್ಕ. ಜೋಳದ ಡಬ್ಬಿ ಹಿಡಿದು ಪಾಳಿಯಲ್ಲಿ ನಿಂತ ಹೆಂಗಸರ ಮಧ್ಯೆ ಡಾಕ್ಟರ್ ಬಾಯಿ ಮೂರು ಕಾಲಿನ ಸ್ಟ್ಯಾಂಡ್ ಬಿಡಿಸಿ ನಿಲ್ಲಿಸಿದರು. ಗಿರಣಿಯವನು ಹಿಟ್ಟು ಮೆತ್ತಿದ ರೆಪ್ಪೆ ಬಡಿಯುತ್ತ ಬಂದ.

"ಏನ್ರಿ ಬಾಯಿ, ಹಿಟ್ಟಿಂದು ಫೋಟೋ ತೆಗೀತೀರೇನು?"

"ಇಲ್ಲೋ ತಮ್ಮಾ. ಸಮುದ್ರದ್ದು. ನೀ ಮಶೀನ್ ಬಂದ್ ಮಾಡಬ್ಯಾಡ."

ಅವನು ನನ್ನ ಮುಖ ನೋಡಿದ. ನಾನು ಗಂಭೀರವಾಗಿ ತಲೆಯಾಡಿಸಿದೆ. ರಸ್ತೆಯಾಚೆಯ ಅಂಗಡಿಯ ಬೋರ್ಡನ್ನು ಉದ್ದನೆಯ ಲೆನ್ಸಿನಿಂದ, ಆಮೇಲೆ ಗಿಡ್ಡನೆಯದರಿಂದ ತೆಗೆದರು. ಸ್ಟ್ಯಾಂಡಿನ ಮೇಲೂ ತೆಗೆದರು, ಕೈಯಲ್ಲಿ ಹಿಡಿದೂ ತೆಗೆದರು. ಸ್ಟ್ಯಾಂಡಿನ ಕಾಲುಗಳು ನೆಲದ ನಡುಕವನ್ನು ಹಾಗೆಯೇ ಮೇಲಕ್ಕೆ ಸಾಗಿಸಿದ್ದವು. ಬೋರ್ಡಿನ ಅಕ್ಷರಗಳಿಗೆ ಮೀಸೆ ಬಂದಿತ್ತು. ಗಿಡ್ಡನೆಯದರಲ್ಲಿ ಕೈಯಿಂದ ತೆಗೆದದ್ದೇ ತಕ್ಕಮಟ್ಟಿಗೆ ಓದುವ ಹಾಗಿತ್ತು. ಪಾಳಿಯಲ್ಲಿದ್ದ ಮುದುಕಿಯೊಬ್ಬಳು ಬಗ್ಗಿ ನೋಡಿ, "ನಮ್ದೂ ಒಂದು ತೆಗೀಬೇ ಯವ್ವಾ" ಅಂದಳು. ಡಾಕ್ಟರ್ ಬಾಯಿ ಗಲಿಬಿಲಿಗೊಂಡು, "ಇನ್ನೊಮ್ಮಿ ಬರ್ತೇನಿ" ಎಂದು ಸಾಮಾನು ಕಟ್ಟಿಕೊಂಡರು. ದಾರಿಯಲ್ಲಿ ಇಬ್ಬರ ತಲೆಯ ಮೇಲೂ ಹಿಟ್ಟು. ಅವರು ಅಷ್ಟು ನಕ್ಕದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಆ ಸಂಜೆ ಉದ್ದನೆಯ ಲೆನ್ಸನ್ನು ಒರೆಸಿ, ಅದರ ಡಬ್ಬಿಯಲ್ಲಿಟ್ಟು, ಕಪಾಟಿನ ಮೇಲಿನ ಗೂಡಿಗೆ ಹಾಕಿದರು. ಹಾಕಿದ ಮೇಲೂ ಕಪಾಟಿನ ಬಾಗಿಲ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದರು. ಅಷ್ಟು ವರ್ಷ ಅವರಿಗೂ ಲೋಕಕ್ಕೂ ನಡುವೆ ಇದ್ದದ್ದು ಅದೊಂದೇ. ಚೀಲಕ್ಕೆ ಹೋದದ್ದು ಕ್ಯಾಮೆರಾ, ಗಿಡ್ಡ ಲೆನ್ಸ್, ಒಂದು ಹೆಚ್ಚಿನ ಬ್ಯಾಟರಿ, ಉಪ್ಪುಗಾಳಿಗೆಂದು ಪ್ಲಾಸ್ಟಿಕ್ ಹೊದಿಕೆ. ರೈಲ್ವೆ ಸ್ಟೇಷನ್ನಿಗೆ ಬಿಡಲು ಹೋದೆ. ಕಿಟಕಿಯ ಬಳಿ ಕೂತು ಕೈಯನ್ನು ತೊಡೆಯ ಕೆಳಗೆ ಒತ್ತಿಕೊಂಡಿದ್ದರು. ರೈಲು ಹೋದ ಮೇಲೆ ನಾನು ಮನೆಗೆ ಬಂದು ಎಂದಿನಂತೆ ಎರಡು ಲೋಟ ತೆಗೆದೆ. ಒಂದನ್ನು ಮತ್ತೆ ಒಳಗಿಟ್ಟೆ.

ಹಡಗು ಬಿಟ್ಟ ಮರುದಿನ ಫೋನ್ ಬಂತು. ಗಾಳಿಯ ಸದ್ದಿನಲ್ಲಿ ಅರ್ಧ ಮಾತು ಕೇಳಿಸುತ್ತಿರಲಿಲ್ಲ. "ಟೀಚರ್, ಇಲ್ಲಿ ಎಲ್ಲಾರ ಚಾದ ಕಪ್ಪೂ ನಡಗಲಕತ್ತಾವ್ರಿ! ಸೂಟು ಹಾಕ್ಕೊಂಡಾವರದ್ದೂ ನಡಗಲಕತ್ತದ! ಮಂದ್ಯಾಗ ಕುಂತು ಎರಡು ಕಪ್ ಕುಡದೆ!" ಎಂದು ಕೂಗಿದರು. ಆಮೇಲೆ ದನಿ ತಗ್ಗಿತು. "ಕೋಣಿ ಭಾಳ ದೊಡ್ಡದು ಕೊಟ್ಟಾರ. ಎರಡು ಹಾಸಿಗಿ. ಎದುರಿಂದು ಖಾಲಿ ಕಾಣಬಾರದಂತ ಕ್ಯಾಮೆರಾ ಚೀಲ ಅದರ ಮ್ಯಾಲ ಮಲಗಿಸೇನಿ." ಅಷ್ಟರಲ್ಲಿ ಫೋನ್ ಕಡಿದುಹೋಯಿತು.

ಮರಳಿ ಬಂದ ದಿನವೇ ನನ್ನನ್ನು ಕೆಳಗೆ ಕರೆದು, ಕಂಪ್ಯೂಟರಿನಲ್ಲಿ ಫೋಟೋ ತೋರಿಸಿದರು. ದಕ್ಕೆಯವೇ ಬಹಳ ಇದ್ದವು, ಎಲ್ಲವೂ ಕೆಟ್ಟಿದ್ದವು. ದೀಪಗಳು ಹಳದಿ ದಾರಗಳಾಗಿ ಎಳೆದಾಡಿದ್ದವು. ಗಿರಣಿಯ ಪರೀಕ್ಷೆ ಸುಳ್ಳಾಯಿತೇ ಅಂದುಕೊಂಡೆ. ಅವರು ಕೊನೆಯದನ್ನು ತೆರೆದರು.

ಅದು ಸ್ವಚ್ಛವಾಗಿತ್ತು. ಕಪ್ಪು ನೀರು, ಕಲ್ಲಿನ ದಕ್ಕೆ, ಸಾಲು ದೀಪ. ಒಂದು ದೀಪದ ಕೆಳಗೆ, ಹಗ್ಗ ಕಟ್ಟುವ ಕಬ್ಬಿಣದ ಗೂಟದ ಮೇಲೆ, ಕಾಳಿನಷ್ಟು ಸಣ್ಣಗೆ, ಒಬ್ಬ ಮನುಷ್ಯ ಕೂತಿದ್ದ. ತಲೆ ಮೇಲಕ್ಕೆತ್ತಿದ್ದ. ಒಂದು ಕೈ ಎತ್ತಿದ ಹಾಗಿತ್ತು.

"ಇದೊಂದು ಹ್ಯಾಂಗ ಬಂತ್ರಿ?"

"ಕೈ ನಿಲ್ಲಲೇ ಇಲ್ರಿ ಟೀಚರ್. ಗೋದಿ ದೂರ ಹೊಂಟಿತ್ತು. ಬಾಜೂಕ ಸೂರತ್ ಕಡಿ ಹೆಣ್ಣಮಗಳೊಬ್ಬಳು ಗಂಡನ ಜೋಡಿ ಜಗಳಾಡಿ ಮೂಗು ಒರಸಕೋತ ನಿಂತಿದ್ದಳು. ಭಾಳ ದಪ್ಪ ಹೆಣ್ಣಮಗಳು. ಆಕಿಗಿ, 'ಜರಾ ಕಂಧಾ ದೇತೇ ಕ್ಯಾ?' ಅಂದೆ. ಹೌಹಾರಿ, 'ಕೌನ್ ಮರಾ?' ಅಂದಳು!" ಕಂಧಾ, ಅಂದರೆ ಹೆಗಲು, ಕೊಡುವುದೆಂದರೆ ಅವಳ ಕಡೆಯೂ ನಮ್ಮಂತೆಯೇ ಹೆಣಕ್ಕೆ ಹೆಗಲು ಕೊಡುವುದು; ಯಾರು ಸತ್ತರು ಎಂದು ಕೇಳಿದ್ದಳು. ಡಾಕ್ಟರ್ ಬಾಯಿ ನಕ್ಕು ನಕ್ಕು ಕಣ್ಣು ಒರೆಸಿಕೊಂಡರು. "ಯಾರೂ ಸತ್ತಿಲ್ಲವಾ, ಕ್ಯಾಮೆರಾ ಇಡಬೇಕಾಗ್ಯಾದ ಅಂದೆ. ರೇಲಿಂಗ್ ಗಟ್ಟಿ ಹಿಡದು, ಉಸರು ಬಿಗಿಹಿಡದು ಕಲ್ಲಿನಂಗ ನಿಂತಳ್ರಿ ಪಾಪ. ಆಕಿ ಹೆಗಲ ಮ್ಯಾಲ ಇಟ್ಟು ತೆಗದೇನಿ. ಆಮ್ಯಾಲ ಆಕೀದೂ ಒಂದು ತೆಗದೆ."

ನೋಡಿದೆ. ಅತ್ತು ಕೆಂಪಾದ ಮೂಗು, ಅಗಲವಾದ ನಗು. ಮನುಷ್ಯರ ಮುಖವನ್ನು ಅವರು ತೆಗೆದದ್ದು ಅದೇ ಮೊದಲಿರಬೇಕು.

ಮತ್ತೆ ದಕ್ಕೆಯ ಫೋಟೋಕ್ಕೆ ಮರಳಿದೆವು. ಉದ್ದನೆಯ ಲೆನ್ಸ್ ಇದ್ದಿದ್ದರೆ, ಅದೇ ಹೆಗಲ ಮೇಲೆ, ಆ ಮನುಷ್ಯನ ಮುಖ ಕಾಣುತ್ತಿತ್ತಲ್ಲ ಎಂದು ನನಗೆ ಹಳಹಳಿಯಾಯಿತು. ಬಾಯಿಬಿಟ್ಟು ಹೇಳಿಯೂ ಬಿಟ್ಟೆ.

"ಬ್ಯಾಡ ಬಿಡ್ರಿ" ಅಂದರು. "ಮಾರಿ ಕಂಡಿದ್ರ ಅಪ್ಪ ಅಲ್ಲಂತ ಗೊತ್ತಾಗಿಬಿಡ್ತಿತ್ತು."

ಅದಾದ ಮೇಲೆ ಅವರು ಚಿದ್ರಿಯ ಗಿರಣಿಗೆ ಹೋಗಿ ಆ ಮುದುಕಿಯನ್ನು ಹುಡುಕಿ ಫೋಟೋ ತೆಗೆದುಕೊಟ್ಟರು. ಓಣಿಯ ಒಂದೆರಡು ನಾಮಕರಣಗಳಿಗೂ ಹೋದರು. "ಕೈ ನಡಗತದ, ಅರ್ಧಾನೇ ಹಾಕ್ರಿ" ಎಂದು ನಾಲ್ಕು ಜನರೆದುರೇ ಕೇಳಿ ಚಹಾ ಕುಡಿಯುತ್ತಿದ್ದರು. ನನ್ನನ್ನೂ ಕರೆದೊಯ್ಯುತ್ತಿದ್ದರು. ನಾನು ವಿಧವೆ, ಶುಭಕಾರ್ಯಕ್ಕೆ ಯಾಕೆ ಎಂದು ಹಿಂಜರಿದರೆ, "ನಾ ಹೊಂಟೇನಿ, ನನ್ನ ಹಿಡಕೊಳ್ಳಾಕಿ ನೀವು" ಅನ್ನುತ್ತಿದ್ದರು. ಗಂಡ ಹೋದ ಮೇಲೆ ನಾನು ಜನರ ನಡುವೆ ಮತ್ತೆ ಕೂತದ್ದು ಅವರ ತೋಳು ಹಿಡಿದುಕೊಂಡ ನೆಪದಿಂದ. ಹಿಡಿದದ್ದು ನಾನೇ ಆದರೂ ನಡೆಸಿದ್ದು ಅವರು. ಈ ಋಣವನ್ನು ನಾನು ಅವರಿಗೆ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಶುಂಠಿ ಕಮ್ಮಿಯಾಗಿದೆ ಎಂದು ಮಾತು ತೇಲಿಸುತ್ತಿದ್ದರು.

ಆದರೆ ಕಾಯಿಲೆ ಕೈಯಲ್ಲೇ ನಿಲ್ಲಲಿಲ್ಲ. ನಡಿಗೆಗೆ ಇಳಿಯಿತು, ಮಾತಿಗೂ ಬಂತು. ತಮ್ಮನ ಮಗ ಬಂದು ಔರಾದಕ್ಕೆ ಕರೆದುಕೊಂಡು ಹೋದ. ನಾನು ರಜೆಯಲ್ಲಿ ಹೋಗಿಬರುತ್ತಿದ್ದೆ. ಕೊನೆಯ ಸಲ ಹೋದಾಗ ಅವರ ಮಾತು ನನಗೆ ಅರ್ಥವಾಗಲಿಲ್ಲ. ಎರಡು ಸಲ ಹೇಳಿಸಿ, ಮೂರನೆಯ ಸಲಕ್ಕೆ ಅರ್ಥವಾದವಳಂತೆ ತಲೆಯಾಡಿಸಿದೆ. ಅವರಿಗೆ ತಿಳಿಯಿತು. ನಕ್ಕರು.

ಸುದ್ದಿ ಬಂದ ದಿನ ಬಸ್ಸು ಹತ್ತಿ ಔರಾದಕ್ಕೆ ಹೋದೆ. ನಾನು ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಗಂಡಸರು ಮಸಣದಿಂದ ಮರಳಿ ಬಂದು ಅಂಗಳದಲ್ಲಿ ಕೂತಿದ್ದರು. ಒಳಗೆ ಹೆಂಗಸರು, ಎಲ್ಲರೂ ನಂಟರೇ. ನಾನು ಹೊಸ್ತಿಲ ಬಳಿಯೇ ನಿಂತೆ. ಡಾಕ್ಟರ್ ಬಾಯಿಯ ಚಿಕ್ಕಮ್ಮನಿರಬೇಕು, ಬಹಳ ವಯಸ್ಸಾದ ಹೆಂಗಸು, ತಲೆಯೆತ್ತಿ ಕೇಳಿದರು:

"ಯಾರವಾ ನೀ? ಆಕಿಗಿ ಏನಾಗಬೇಕು?"

ಏನೆಂದು ಹೇಳಲಿ? ಬಾಡಿಗೆಯವಳು ಅನ್ನಲು ನಾಲಿಗೆ ಏಳಲಿಲ್ಲ. ಗೆಳತಿ ಎಂಬ ಮಾತನ್ನು ನಾವಿಬ್ಬರೂ ಎಂದೂ ಆಡಿರಲಿಲ್ಲ.

"ಮ್ಯಾಲಿನ ಮನಿಯಾಕಿ ರೀ" ಅಂದೆ.

ಮುದುಕಿ ಕ್ಷಣ ನನ್ನನ್ನೇ ನೋಡಿದರು. ಆಮೇಲೆ ಪಕ್ಕದವಳನ್ನು ತಟ್ಟಿ ಸರಿಸಿ, ತಾವೂ ಸರಿದು, ಚಾಪೆಯ ಮೇಲೆ ಜಾಗ ಮಾಡಿದರು. "ಟೀಚರಾ? ನಿನ್ನ ಸುದ್ದೀನೇ ಹೇಳ್ತಿತ್ತವಾ ಅದು. ಅಲ್ಲ್ಯಾಕ ನಿಂತಿ? ಬಾ, ನಮ್ಮ ಜೋಡಿ ಕೂಡು."

ಹೋಗಿ ಕೂತೆ. ಅವರು ನನ್ನ ಬೆನ್ನ ಮೇಲೆ ಕೈ ಇಟ್ಟರು. ಹೊತ್ತು ಇಳಿಯುತ್ತಿತ್ತು. ಬೀದರಿನ ಕೊನೆಯ ಬಸ್ಸು ಇನ್ನೇನು ಹೊರಡುತ್ತದೆ ಎಂದು ಬಾಗಿಲಿನಿಂದ ಯಾರೋ ನನಗೇ ಹೇಳಿದರು.

ಇವತ್ತು ಇಲ್ಲೇ ಇರುತ್ತೇನೆ ಅಂದೆ.