ಅಪ್ಪನ ಹಾತೆಗಳ ಹಾಜರಿ

ಜೀವಮಾನವಿಡೀ ತಾಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ ನಿವೃತ್ತರಾದ ಮೇಲೆ ಸುಮ್ಮನೆ ಕೂತಿದ್ದರೆ ಮನೆಮಂದಿ ಸುಖವಾಗಿರುತ್ತಿದ್ದೆವು. ಅವರು ಕೂರಲಿಲ್ಲ. ಪುತ್ತೂರಿನ ನಮ್ಮ ಹಿತ್ತಿಲಿಗೆ ಕತ್ತಲಾದ ಮೇಲೆ ಬರುವ ಹಾತೆಗಳನ್ನು ಯಾರೂ ಬರೆದಿಟ್ಟಿಲ್ಲವೆಂಬುದು ಅವರಿಗೆ ಇದ್ದಕ್ಕಿದ್ದಂತೆ ಹೊಳೆಯಿತು. ಬರೆದಿಡದ್ದು ನಡೆದೇ ಇಲ್ಲ ಎನ್ನುವ ಪೈಕಿ ಅವರು.

ಅರವತ್ತರ ದಶಕದ ಆರಂಭ. ನಮ್ಮ ಓಣಿಗೆ ಇನ್ನೂ ಕರೆಂಟು ಬಂದಿರಲಿಲ್ಲ. ಮಳೆ ಹಿಂದೆ ಸರಿದು ನವರಾತ್ರಿ ಶುರುವಾಗುತ್ತಲೇ ಬಾವಿಕಟ್ಟೆಯ ಪಕ್ಕ ಎರಡು ಗೂಟ ನೆಟ್ಟು, ನಡುವೆ ತಮ್ಮ ಬಿಳಿ ಪಂಚೆಯನ್ನು ಬಿಗಿದು ಕಟ್ಟಿ, ಎದುರಿಗೆ ಗ್ಯಾಸ್‌ಲೈಟು ತೂಗುಹಾಕಿದರು. ಬೆಳಕಿಗೆ ಬಂದು ಪಂಚೆಯ ಮೇಲೆ ಕೂತ ಹಾತೆಗಳನ್ನು ಅವರು ಹೇಳಬೇಕು, ನಾನು ಬರೆಯಬೇಕು. ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದ ಮಗಳೆಂದರೆ ಬಿಟ್ಟಿ ಗುಮಾಸ್ತ.

"ಹುಳಗಳಿಗೆ ಗ್ಯಾಸ್‌ಲೈಟು, ಅಡಿಗೆ ಮಾಡುವವಳಿಗೆ ಈ ಚಿಮಿಣಿ ದೀಪ! ಎಂತ ನ್ಯಾಯ ಇದು?" ಎಂದು ಅಮ್ಮ ಒಳಗಿನಿಂದಲೇ ಕೂಗಿದಳು.

ಮೊದಲ ಸಂಜೆ ಅಕ್ಕಪಕ್ಕದವರೆಲ್ಲ ಚಾಪೆ ಹಿಡಿದುಕೊಂಡು ಬಂದರು. ಆಗ ಸರಕಾರದ ವ್ಯಾನು ಬಂದು ಬಿಳಿ ಬಟ್ಟೆಯ ಮೇಲೆ ಗೊಬ್ಬರದ್ದೋ ಸಿಡುಬಿನದ್ದೋ ಸಿನೆಮಾ ಪುಕ್ಕಟೆ ತೋರಿಸುವುದಿತ್ತು. ಇದೂ ಅದೇ ಎಂದುಕೊಂಡಿದ್ದರು. "ಎಂತ ಮಾರಾಯ್ರೆ, ಸುರು ಆಗುದು ಯಾವಾಗ?" ಎಂದು ಕೇಳಿದವರಿಗೆ ಅಪ್ಪ, "ಸುರು ಆಗಿದೆ, ನೋಡಿ" ಎಂದು ಪಂಚೆ ತೋರಿಸಿದರು. ಜನ ನೋಡಿದರು, ನಮ್ಮನ್ನೂ ಒಂದು ಥರ ನೋಡಿದರು, ಚಾಪೆ ಸುತ್ತಿಕೊಂಡು ಹೋದರು. ನನಗೆ ನಾಚಿಕೆಯಿಂದ ಸಾಯುವಂತಾಯಿತು.

ಹಾತೆಗಳಿಗೆ ಹೆಸರನ್ನೂ ಅಪ್ಪನೇ ಇಟ್ಟರು. ಕಪ್ಪು ಮೈಗೆ ಬಿಳಿ ಕೊರಳಿನದು ವಕೀಲ, ದಪ್ಪ ಕಂದು ರೋಮದ್ದು ಕಂಬಳಿ. ಬರೆದ ವಕೀಲನನ್ನು ಕಪ್ಪೆ ನುಂಗಿದರೆ ಪಟ್ಟಿಯಿಂದ ಹೊಡೆದುಹಾಕಬೇಕೇ ಎಂದು ಕೇಳಿದೆ. "ತಿಂದರೂ ಬಂದದ್ದು ಬಂದದ್ದೇ, ಬರಿ" ಎಂದರು. ಸಣ್ಣ ಹಸಿರು ಹುಳಗಳು ಶಾಯಿಗೆ ಬೀಳುತ್ತಿದ್ದವು, ಕೂದಲಿಗೆ ಹೊಗುತ್ತಿದ್ದವು. ಮುಖ ಎತ್ತುವಂತಿಲ್ಲ. ಪಂಚೆಗೆ ಬೆನ್ನು ಹಾಕಿ ಕೂರಬೇಕೆಂಬುದು ಅವರ ಕಚೇರಿಯ ಕ್ರಮ. "ಓದುವವ ಓದಬೇಕು, ಬರೆಯುವವ ಬರೆಯಬೇಕು. ಇಬ್ಬರೂ ನೋಡಿದರೆ ಇಬ್ಬರೂ ತಪ್ಪುದು."

ಇದನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಅವರ ಕಣ್ಣಿನ ವಿಷಯದ ಹಟ. ಅಪ್ಪನ ಎಡಗಣ್ಣು ಹಿಂದೆಯೇ ಹೋಗಿತ್ತು. ಇದ್ದ ಬಲಗಣ್ಣಿನಲ್ಲೂ ಪೇಪರು ಓದುವಾಗ ಅಕ್ಷರ ಅಲುಗಾಡುತ್ತದೆ ಎಂದದ್ದಕ್ಕೆ ಊರಿನ ಡಾಕ್ಟರು ತಡಮಾಡದೆ ಮಂಗಳೂರಿಗೆ ಹೋಗಿ ತೋರಿಸಿ ಎಂದಿದ್ದರು. ಇವರು ದೀಪಾವಳಿ ಕಳೆಯಲಿ ಎಂದರು. ಹಾತೆ ಬರುವ ಕಾಲ ತಪ್ಪಿದರೆ ಮತ್ತೆ ಒಂದು ವರ್ಷ ಕಾಯಬೇಕಂತೆ! ಅಮ್ಮ ಅತ್ತಳು. ಕಡಬದಿಂದ ಮಾವ ಬಂದು ಹೇಳಿದರು. ಬೋರ್ಗಲ್ಲ ಮೇಲೆ ಮಳೆ ಸುರಿದ ಹಾಗೆ. ಇರುವ ಒಂದು ಕಣ್ಣನ್ನು ಹುಳಗಳಿಗೆ ಧಾರೆ ಎರೆಯುವ ಮನುಷ್ಯನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ದೀಪಾವಳಿ ಹತ್ತಿರವಾಗಿತ್ತು. ಆ ಸಂಜೆ ಚಳಿಗಾಳಿ ಬೀಸುತ್ತಿತ್ತು. ಶಾಯಿಗೆ ಒಂದು ಹುಳವೂ ಬೀಳಲಿಲ್ಲ. ಆದರೂ ಅಪ್ಪ ಬಿಡುವಿಲ್ಲದೆ ಹೇಳುತ್ತಿದ್ದರು: "ಸಣ್ಣದು, ಕರಿ. ಬಲಮೂಲೆ. ಬರಿ. ಇನ್ನೊಂದು ಕರಿ. ಮತ್ತೊಂದು." ವಕೀಲನಿಲ್ಲ, ಕಂಬಳಿಯಿಲ್ಲ, ಬರೀ ಕರಿ. ಬರೆದು ಬರೆದು ರೇಗಿಹೋಗಿ, ಕ್ರಮ ಹಾಳಾಗಲಿ ಎಂದು ತಿರುಗಿ ನೋಡಿದೆ.

ಪಂಚೆಯ ಮೇಲೆ ಏನೂ ಇರಲಿಲ್ಲ.

"ಎಲ್ಲಿ ಅಪ್ಪಾ?"

"ಅಲ್ಲೇ ಉಂಟಲ್ಲ ಮಾರಾಯ್ತಿ. ಈಗ ಮೇಲೆ ಹೋಯ್ತು. ಹಾಂ, ಈಗ ಕೆಳಗೆ."

ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ಎದ್ದುಹೋಗಿ ಪಂಚೆಗೂ ಅವರಿಗೂ ನಡುವೆ ನಿಂತೆ. ಅಪ್ಪ ಕೈ ಎತ್ತಿ ಮೆಲ್ಲಗೆ ಹೇಳಿದರು: "ಅಲ್ಲಾಡಬೇಡ. ನಿನ್ನ ಸೀರೆಯ ಮೇಲೆ ಕೂತಿತು."

ನೋಡಿಕೊಂಡೆ. ನನ್ನ ಸೀರೆಯ ಮೇಲೂ ಏನೂ ಇರಲಿಲ್ಲ. ಕರಿ ಹುಳ ಇದ್ದದ್ದು ಪಂಚೆಯ ಮೇಲಲ್ಲ, ಅಪ್ಪನ ಕಣ್ಣಿನೊಳಗೆ. ಎಷ್ಟು ದಿನದಿಂದ ಹೀಗೆ ಬರೆಯುತ್ತಿದ್ದೆನೋ, ಬೆನ್ನು ಹಾಕಿ ಕೂತವಳಿಗೆ ತಿಳಿಯುವುದು ಹೇಗೆ?

"ಸಾಕು ನಿಮ್ಮ ಹಾತೆ! ನಾಳೆ ಮಂಗಳೂರಿಗೆ ಹೋಗುದು, ಅಷ್ಟೇ!" ಎಂದು ಕಿರುಚಿ ಗ್ಯಾಸ್‌ಲೈಟನ್ನು ಆರಿಸಿಬಿಟ್ಟೆ. ಅಪ್ಪನಿಗೆ ನಾನು ಹಾಗೆ ಎದುರಾಡಿದ್ದು ಅದೇ ಮೊದಲು. ಬೈಗಳಿಗೆ ಕಾದು ಕತ್ತಲಲ್ಲಿ ನಿಂತೆ. ಅವರು ಬೈಯಲಿಲ್ಲ.

"ದೀಪ ಆರಿಸಿದಿಯಾ?" ಎಂದರು.

"ಆರಿಸಿದೆ."

"ಹಾಗಾದರೆ ಈ ಬದಿಯಲ್ಲಿ ಮಿಂಚುದು ಎಂತ?"

ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಅಪ್ಪನ ಕೈ ತಡವುತ್ತ ಬಂದು ನನ್ನ ತೋಳು ಹಿಡಿಯಿತು.

"ಮಂಗಳೂರಿಗೆ ಮೊದಲ ಬಸ್ಸು ಎಷ್ಟೊತ್ತಿಗೆ?" ಎಂದು ಕೇಳಿದರು.