ಷರಾ ಕಾಲಂ

ನಮ್ಮ ಮನೆಯ ಅಲ್ತಾರಿನ ಕೆಳಗೆ ಒಂದು ಹಳೆಯ ಲ್ಯಾಪ್‌ಟಾಪ್ ಉಂಟು. ಮೇಲೆ ಏಸುವಿನ ಪಟ, ಅದರ ಮುಂದೆ ಸಣ್ಣ ಕೆಂಪು ಬಲ್ಬು, ಕೆಳಗಿನ ಹಲಗೆಯಲ್ಲಿ ಮೊಂಬತ್ತಿಯ ಪೆಟ್ಟಿಗೆ, ಜಪಮಾಲೆ, ಅವುಗಳ ನಡುವೆ ಇದು. ಇದು ಭಕ್ತಿಯಿಂದ ಆದದ್ದಲ್ಲ, ಪ್ಲಗ್ ಪಾಯಿಂಟಿನ ದೆಸೆಯಿಂದ ಆದದ್ದು ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ಎದುರಿಗೆ ಮನುಷ್ಯರಿಲ್ಲದ ಯಾವ ಯಂತ್ರವೂ ಓಡಬಾರದು ಎಂಬುದು ನಮ್ಮ ಮಾಂಯ್, ಅಂದರೆ ನನ್ನ ಅಮ್ಮನ ಕಾನೂನು. ಫ್ಯಾನು, ಟಿವಿ, ಫೋನಿನ ಚಾರ್ಜರು, ಎಲ್ಲವನ್ನೂ ದಾರಿಯಲ್ಲಿ ಹೋಗುತ್ತಾ ಆಫ್ ಮಾಡುವವಳು ಅವಳು. ಅವಳು ಮುಟ್ಟದ ಸ್ವಿಚ್ಚು ಇಡೀ ಮನೆಯಲ್ಲಿ ಒಂದೇ, ದೇವರ ಬಲ್ಬಿನದ್ದು. ನನ್ನ ಲ್ಯಾಪ್‌ಟಾಪಿಗೂ ಹಗಲೂ ರಾತ್ರಿ ಓಡುವ ಕೆಲಸ ಇದ್ದದ್ದರಿಂದ ದೇವರ ಹತ್ತಿರ ಒಂದು ಪಾಲು ಕರೆಂಟು ಬೇಡಿಕೊಂಡೆ.

ಒಮ್ಮೆ ನಮ್ಮ ವಾರ್ಡಿನ ಗುರ್ಕಾರರು, ಇಗರ್ಜಿಯ ಪರವಾಗಿ ಮನೆಮನೆಯ ಕ್ಷೇಮ ವಿಚಾರಿಸುವ ಹಿರಿಯರು, ಪ್ರಾರ್ಥನೆಗೆ ಬಂದವರು ಅದನ್ನು ನೋಡಿ, "ಇದೆಂತ, ಸಿಸಿ ಕ್ಯಾಮೆರಾವಾ?" ಎಂದು ಕೇಳಿದರು. "ಅಲ್ಲ, ಮನೆಯ ಲೆಕ್ಕ" ಎಂದೆ. "ದೇವರ ಹತ್ರವೇ ಇಟ್ಟದ್ದು ಒಳ್ಳೇದಾಯ್ತು. ಮೇಲೆ ಹೋದಾಗ ಪುನಃ ಹುಡುಕ್ಲಿಕ್ಕಿಲ್ಲ" ಎಂದರು.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು. ನನ್ನ ವಯಸ್ಸಿನವರು ನಮ್ಮ ಬಿಜೈಯಲ್ಲಿ ಆರ್ಕಿಡ್ ಬೆಳೆಸುತ್ತಾರೆ, ಕೆಲವರು ಬೆಳಿಗ್ಗೆ ನಡೆಯಲು ಹೋಗಿ ಹೋಟೆಲಿನಲ್ಲಿ ಬನ್ಸ್ ತಿಂದು ಬರುತ್ತಾರೆ. ನಾನು ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುತ್ತೇನೆ. ಮನೆಯ ಖರ್ಚುವೆಚ್ಚ ಬರೆದಿಡುವ ಆ್ಯಪ್‌ಗಳು ಬೇಕಾದಷ್ಟು ಸಿಗುತ್ತವೆ, ಅದೂ ಧರ್ಮಕ್ಕೆ. ಆದರೆ ಅವು ಮೊದಲ ದಿನವೇ ಸಂಬಳ ಎಷ್ಟು, ಸಾಲ ಎಷ್ಟು ಎಂದು ಕೇಳುತ್ತವೆ. ಇಷ್ಟೆಲ್ಲ ನಾನು ಪಾಪನಿವೇದನೆಗೆ ಹೋದಾಗ ಪಾದ್ರಿಗಳ ಹತ್ತಿರವೂ ಹೇಳಿಕೊಂಡವನಲ್ಲ, ಅಲ್ಲಿಯಾದರೂ ನಡುವೆ ಒಂದು ಪರದೆ ಇರುತ್ತದೆ. ಹಾಗಾಗಿ ನನ್ನದೇ ಒಂದು ಬರೆದೆ. ಅದು ಊರಾಚೆಯ ಯಾವುದೋ ಕಂಪನಿಯ ಯಂತ್ರದಲ್ಲಲ್ಲ, ನಮ್ಮ ಮನೆಯದರಲ್ಲೇ ಓಡುತ್ತದೆ. ಬಲ್ಲವರು ಇದಕ್ಕೆ ಸೆಲ್ಫ್ ಹೋಸ್ಟೆಡ್ ಎನ್ನುತ್ತಾರೆ. ಸ್ವಂತ ಮನೆ, ಸ್ವಂತ ಯಂತ್ರ, ಸ್ವಂತ ಬುದ್ಧಿ, ಯಾರ ಹಂಗೂ ಇಲ್ಲ ಎಂದು ಸ್ಟಾಫ್ ರೂಮಿನಲ್ಲಿ ನಾನು ಕೊಚ್ಚಿಕೊಂಡದ್ದಕ್ಕೆ ಲೆಕ್ಕವಿಲ್ಲ. ಇದರಿಂದ ಎಷ್ಟು ಹಣ ಉಳಿಯಿತು ಎಂದು ಮಾತ್ರ ದಯವಿಟ್ಟು ಕೇಳಬೇಡಿ.

ಆ್ಯಪ್ ಮಾಡಿದ್ದು ನಾನಾದರೂ ಅದನ್ನು ನಿಜವಾಗಿ ಬಳಸಿದ್ದು ಲವೀನಾ, ನನ್ನ ಹೆಂಡತಿ. ಹದಿನೆಂಟು ವರ್ಷ ಮಸ್ಕತ್ತಿನಲ್ಲಿ ನರ್ಸ್ ಆಗಿದ್ದು ಬಂದವಳು. ಬರೆಯದೆ ಇದ್ದ ಕೆಲಸ ಮಾಡದೆ ಇದ್ದ ಕೆಲಸಕ್ಕೆ ಸಮ ಎಂಬುದು ಅಲ್ಲಿಂದ ತಂದ ಅಭ್ಯಾಸ. ಎಷ್ಟು ಗಂಟೆಗೆ ಏನು ಕೊಟ್ಟೆ, ಕೊಟ್ಟ ಮೇಲೆ ರೋಗಿ ಹೇಗಿದ್ದ, ಎರಡನ್ನೂ ಬರೆದ ಮೇಲೆಯೇ ಅವಳ ಡ್ಯೂಟಿ ಮುಗಿಯುತ್ತಿದ್ದದ್ದು. ಊರಿಗೆ ಬಂದ ಮೇಲೆ ಸಂಜೆ ಚಾ ಕುಡಿಯುತ್ತಾ ಅವತ್ತಿನ ಖರ್ಚನ್ನು ಒಂದೊಂದಾಗಿ ಬಾಯಿಬಿಟ್ಟು ಹೇಳಿಕೊಂಡೇ ಫೋನಿನಲ್ಲಿ ಒತ್ತುತ್ತಿದ್ದಳು. ಹೇಳಿದರೆ ತಪ್ಪುವುದಿಲ್ಲ ಎಂದು ಅವಳ ಮತ. ನನಗೆ ಅದು ಹಿಡಿಸುತ್ತಿರಲಿಲ್ಲ. ಬ್ಯಾಂಕಿನ ಮೆಸೇಜುಗಳನ್ನು ಆ್ಯಪ್ ತಾನೇ ಓದಿ ತಾನೇ ಬರೆದುಕೊಳ್ಳಬೇಕು, ಮನುಷ್ಯರು ಸುಮ್ಮನೆ ಕೂತಿರಬೇಕು ಎಂಬುದು ನನ್ನ ಘನ ಆದರ್ಶ. ಎರಡು ದೊಡ್ಡ ರಜೆಗಳನ್ನು ಅದಕ್ಕೆ ಸುರಿದೆ. ಮೀನಿನ ಅಕ್ಕನಿಂದಾಗಿ ಸೋತೆ. ಫೋನಿನಲ್ಲಿ ಹಣ ಕಳಿಸುತ್ತೇನೆಂದರೆ, "ಕೈ ಚಂಡಿ ಉಂಟು ಮಾಸ್ಟ್ರೇ, ನೋಟು ಕೊಡಿ" ಎಂದು ಒದ್ದೆ ಕೈ ತೋರಿಸುವವಳು ಆಕೆ. ನೋಟು ಮೆಸೇಜು ಕಳಿಸುವುದಿಲ್ಲ.

ಕಳೆದ ವರ್ಷ ಮಾಂಯ್‌ಗೆ ಸ್ಟ್ರೋಕ್ ಆಯಿತು. ಬಲಗೈ ಹೋಯಿತು, ಮಾತು ಹೋಯಿತು. ಆಸ್ಪತ್ರೆಯಿಂದ ಬಂದ ಮೇಲೆ ಹಾಲಿನಲ್ಲೇ, ಅಲ್ತಾರಿನ ಎದುರಿಗೆ ಅವಳ ಮಂಚ ಹಾಕಿದೆವು. ಊರಿಡೀ ಕೇಳುವಂತೆ ಮಾತಾಡುತ್ತಿದ್ದವಳು ಕಣ್ಣು ಬಿಟ್ಟುಕೊಂಡು ಮಲಗಿರುವುದನ್ನು ನೋಡುವಾಗ ನನಗೆ ಶಾಲೆಯಲ್ಲಿ ಹೆಚ್ಚು ಹೊತ್ತು ಇರುವ ಕಾರಣಗಳು ಸಿಗತೊಡಗಿದವು. ಲವೀನಾ ಮಾತ್ರ ಸಂಜೆಯ ಚಾವನ್ನು ಮಂಚದ ಬದಿಗೆ ತಂದಳು. ಟೊಮೆಟೊ ಇಷ್ಟು, ಔಷಧ ಇಷ್ಟು, ಗ್ಯಾಸಿನವನಿಗೆ ಇಷ್ಟು ಎಂದು ಮಾಂಯ್ ಕೇಳುವಂತೆ ಹೇಳಿ ಹೇಳಿ ಬರೆದಳು. ಆರನೆಯ ವಾರ ಒಂದು ಸಂಜೆ ನಾನು ಮನೆಗೆ ಬಂದಾಗ ಗೇಟಿನಲ್ಲೇ ನಿಂತಿದ್ದಳು. ಮಾಂಯ್ ಮಾತಾಡಿದಳಂತೆ. ಮೀನಿನ ಅಕ್ಕನಿಂದ ತೆಗೆದುಕೊಂಡ ಅಂಜಲಿನ ರೇಟು ಲವೀನಾ ಹೇಳಿದ್ದೇ ತಡ, ಮಂಚದಿಂದ, "ಮ್ಹಾರಗ್!" ಎಂದು ಕೇಳಿತಂತೆ. ಕೊಂಕಣಿಯಲ್ಲಿ ಅದಕ್ಕೆ ದುಬಾರಿ ಎಂದು ಅರ್ಥ. ಕೆಲವರ ಬಾಯಲ್ಲಿ ದೇವರ ಹೆಸರು ಬರುತ್ತದೆ, ಕೆಲವರ ಬಾಯಲ್ಲಿ ಮಕ್ಕಳ ಹೆಸರು. ನಮ್ಮ ಮಾಂಯ್ ಮೀನಿನ ರೇಟು ಹಿಡಿದುಕೊಂಡು ಈ ಲೋಕಕ್ಕೆ ವಾಪಸು ಬಂದಳು. ನಾನು ಸೋಲದೆ ಇದ್ದಿದ್ದರೆ ನಮ್ಮ ಮನೆಯಲ್ಲಿ ಯಾರೂ ರೇಟು ಹೇಳುತ್ತಿರಲಿಲ್ಲ ಎಂಬುದು ಆಮೇಲೆ ಹೊಳೆಯಿತು. ಮೀನಿನ ಅಕ್ಕನಿಗೂ ಅವಳ ಚಂಡಿ ಕೈಗೂ ನಾನು ಋಣಿ.

ಇನ್ನು ನನ್ನ ಘನಕಾರ್ಯಕ್ಕೆ ಬರುತ್ತೇನೆ. ಆ್ಯಪ್‌ನಲ್ಲಿ ತಾರೀಕು, ಬಾಬತ್ತು, ಮೊತ್ತ, ಕೊನೆಗೆ ಏನಾದರೂ ಟಿಪ್ಪಣಿ ಇದ್ದರೆ ಬರೆಯಲು ಷರಾ ಎಂದು ನಾಲ್ಕು ಕಾಲಂ. ಮಾಂಯ್ ಗೋಡೆ ಹಿಡಿದು ನಡೆಯಲು ಶುರು ಮಾಡಿದ ಹೊತ್ತಿಗೆ ನನಗೂ ಹುರುಪು ಬಂತು, ಆ್ಯಪ್‌ಗೆ ಸುಣ್ಣಬಣ್ಣ ಮಾಡಲು ಕೂತೆ. ತಿಂಗಳ ಪಟ್ಟಿ ನೋಡಿದರೆ ಷರಾ ಕಾಲಂ ಮಾತ್ರ ಉಬ್ಬಿಕೊಂಡು ಇಡೀ ಪುಟವನ್ನು ಸೊಟ್ಟ ಮಾಡಿತ್ತು. ಲವೀನಾ ಎಂತದ್ದೋ ಉದ್ದುದ್ದ ಬರೆದಿದ್ದಳು. ಎಂತದ್ದು ಎಂದು ಓದಿದೆನಾ? ಇಲ್ಲ. ಷರಾಕ್ಕೆ ಇಪ್ಪತ್ತು ಅಕ್ಷರ ಸಾಕು ಎಂದು ಒಂದು ಸಾಲು ಬರೆದು ಹಳೆಯದಕ್ಕೂ ಅದನ್ನೇ ಅನ್ವಯಿಸಿದೆ. ಪುಟ ನೆಟ್ಟಗಾಯಿತು. ನನಗೆ ನಾನೇ ಒಂದು ಚಾ ಮಾಡಿಕೊಂಡು ಕುಡಿದೆ.

ವಾರ ಕಳೆದಿರಬೇಕು, ಒಂದು ಭಾನುವಾರ ಮಾಂಯ್ ತಡೆದು ತಡೆದು, "ಆ ದಿನಗಳು... ನನ್ನ ಹತ್ರ ಇಲ್ಲ" ಎಂದಳು. ಮಲಗಿದ್ದ ತಿಂಗಳುಗಳು ಅವಳ ನೆನಪಿನಲ್ಲಿ ಇರಲಿಲ್ಲ. "ನಿಮ್ಮ ಹತ್ರ ಇಲ್ಲದಿದ್ರೆ ನನ್ನ ಹತ್ರ ಉಂಟು ಮಾಂಯ್. ಎಲ್ಲ ಬರೆದಿಟ್ಟಿದ್ದೇನೆ, ಓದ್ತೇನೆ ಕೇಳಿ" ಎಂದು ಲವೀನಾ ಫೋನು ತೆಗೆದಳು. ತೆಗೆದವಳು ಪರದೆಯನ್ನು ಮೇಲೆ ಕೆಳಗೆ ಜಾರಿಸತೊಡಗಿದಳು. ನಾನು ಬಗ್ಗಿ ನೋಡಿದೆ. "ಇವತ್ತು ಮಾಂಯ್ ಮೊದಲ ಸಲ" ಎಂದಿತ್ತು, ಮುಂದೆ ಇಲ್ಲ. ಕೆಳಗೆ "ಬಲಗೈಯಲ್ಲಿ ಲೋಟ ಹಿಡಿದು" ಎಂದಿತ್ತು, ಹಿಡಿದು ಕುಡಿದಳೋ ಬೀಳಿಸಿದಳೋ ಗೊತ್ತಿಲ್ಲ. ಕಂಪ್ಯೂಟರು ಕೊಂಬು, ಒತ್ತು, ಸೊನ್ನೆಗಳನ್ನೂ ಒಂದೊಂದು ಅಕ್ಷರವೆಂದು ಎಣಿಸುವ ಜಿಪುಣ, ಇಪ್ಪತ್ತರಲ್ಲಿ ಹೆಚ್ಚೆಂದರೆ ನಾಲ್ಕು ಶಬ್ದ. ಅಮ್ಮನ ಐದು ತಿಂಗಳನ್ನು ನಾನು ಪುಟ ಚೆಂದ ಕಾಣಲಿ ಎಂದು ಕತ್ತರಿಸಿದ್ದೆ.

ಷರಾ ಎಂದರೇನೆಂದು ತಿಳಿಯದ ಮನುಷ್ಯನೂ ನಾನಲ್ಲ. ಮೂವತ್ತು ವರ್ಷ ಶಾಲೆಯ ದಾಖಲಾತಿ ಪುಸ್ತಕ ಬರೆದ ಕೈ ಇದು. ಹೆಸರು, ಹುಟ್ಟಿದ ದಿನ, ತರಗತಿ ಎಲ್ಲವೂ ಎಲ್ಲರಿಗೂ ಇರುವುದೇ. ಕೊನೆಯ ಬದಿಯಲ್ಲಿ ಎರಡು ಬೆರಳು ಅಗಲದ ಷರಾ ಕಾಲಮಿನಲ್ಲಿ ಮಾತ್ರ, "ತಂದೆ ತೀರಿಕೊಂಡ ಕಾರಣ ಬಿಟ್ಟಿದ್ದಾನೆ", "ಪುನಃ ಬಂದಿದ್ದಾಳೆ" ಎಂದು ಹಳೆಯ ಹೆಡ್‌ಮಾಸ್ತರರ ಸಣ್ಣ ಅಕ್ಷರ. ಇಡೀ ಪುಸ್ತಕದಲ್ಲಿ ಮನುಷ್ಯರು ಸಿಗುವ ಜಾಗ ಅದೊಂದೇ. ಅದನ್ನು ಮಕ್ಕಳಿಗೆ ತೋರಿಸಿ ಭಾಷಣ ಮಾಡಿದವನು, ಸ್ವಂತ ಮನೆಯಲ್ಲಿ ಮೊತ್ತ ಮಾತ್ರ ಓದಿದೆ.

ಲವೀನಾ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ಹೋದದ್ದು ಹೋಯ್ತು, ನನಗೆ ನೆನಪಿದ್ದಷ್ಟು ಹೇಳ್ತೇನೆ" ಎಂದು ಮಾಂಯ್ ಕಾಲಿಗೆ ಎಣ್ಣೆ ಹಚ್ಚಲು ಕೂತಳು. ದಿನಾ ತಪ್ಪದೆ ಒಂದು ಪ್ರತಿ ತೆಗೆದಿಡುವ ಏರ್ಪಾಡನ್ನು ನಾನು ಮಾಡಿದ್ದೆ, ನಿಜ. ಆದರೆ ಪ್ರತಿ ದಿನದ್ದು ಹಿಂದಿನ ದಿನದ್ದರ ಮೇಲೆಯೇ ಹೋಗಿ ಕೂರುತ್ತಿತ್ತು. ಕತ್ತರಿಸಿದ್ದನ್ನೇ ಅದು ಏಳು ದಿನ ಶ್ರದ್ಧೆಯಿಂದ ಕಾಪಾಡಿತ್ತು. ಆಗ ಪಂಪ್‌ವೆಲ್ ನೆನಪಾಯಿತು.

ಪಂಪ್‌ವೆಲ್ ಸರ್ಕಲಿನಲ್ಲಿ ಹಮೀದನ ಮೊಬೈಲ್ ರಿಪೇರಿ ಅಂಗಡಿ ಉಂಟು. ಹೈಸ್ಕೂಲಿನಲ್ಲಿ ನನ್ನ ಬೆಂಚಿನವನು. ಮನೆಗೆ ಬೆಂಕಿ ಬಿದ್ದರೂ ಲೆಕ್ಕ ಉಳಿಯಬೇಕು, ಒಂದು ಪ್ರತಿ ಬೇರೆ ಕಡೆ ಇರಬೇಕು ಎಂದು ಎಲ್ಲೋ ಓದಿ, ಡಬ್ಬಿಯಷ್ಟೇ ಇರುವ ಒಂದು ಪುಟ್ಟ ಕಂಪ್ಯೂಟರನ್ನು ಅವನ ಅಂಗಡಿಯಲ್ಲಿ ಇಟ್ಟು ಬಂದಿದ್ದೆ. ಅದು ವಾರಕ್ಕೊಮ್ಮೆ ನಮ್ಮ ಮನೆಯಿಂದ ಪ್ರತಿ ತರಿಸಿಕೊಳ್ಳಬೇಕಿತ್ತು. ಇಟ್ಟದ್ದೇ ಕೊನೆ, ಮತ್ತೆ ನಾನು ಆ ಕಡೆ ತಲೆ ಹಾಕಿರಲಿಲ್ಲ. ಮರುದಿನ ಶಾಲೆ ಬಿಟ್ಟವನೇ ಒಂದು ಪ್ಯಾಕೆಟ್ ನೇಂದ್ರ ಚಿಪ್ಸ್ ಹಿಡಿದುಕೊಂಡು ಬಸ್ಸು ಹತ್ತಿದೆ.

"ಬಾ ಮಾಸ್ಟ್ರೇ, ದಾರಿ ಮರೆತೆಯಾ ಎಂತ?" ಎಂದ ಹಮೀದ್. ಡಬ್ಬಿ ಮೇಲಿನ ಹಲಗೆಯಲ್ಲಿ ಇತ್ತು, ಫ್ಲೈಓವರಿನ ಧೂಳು ತಾಗದ ಹಾಗೆ ಬಿಳಿ ಬಟ್ಟೆ ಹೊದ್ದುಕೊಂಡು. "ದಿನಾ ಅಂಗಡಿ ತೆರೆದ ಕೂಡ್ಲೇ ನೋಡ್ತೇನೆ. ಹಸಿರು ಲೈಟ್ ಉಂಟು. ಎಲ್ಲ ಸರಿ ಉಂಟಲ್ಲ?"

ತೆರೆದು ನೋಡಿದರೆ ಸರಿ ಇರಲಿಲ್ಲ. ಹಮೀದ್ ಅಂಗಡಿಯ ಇಂಟರ್ನೆಟ್ ಬದಲಾಯಿಸಿದ್ದ, ಅಂದಿನಿಂದ ಡಬ್ಬಿಗೂ ನಮ್ಮ ಮನೆಗೂ ಸಂಪರ್ಕ ತಪ್ಪಿತ್ತು. ನನ್ನ ಸುಣ್ಣಬಣ್ಣಕ್ಕೆ ಎರಡು ವಾರ ಮೊದಲು ಅದು ಕೊನೆಯ ಪ್ರತಿ ತರಿಸಿಕೊಂಡು ಹಾಗೆಯೇ ನಿಂತಿತ್ತು. ಕತ್ತರಿ ಅದರವರೆಗೆ ಮುಟ್ಟಲೇ ಇಲ್ಲ. ಆ ಎರಡು ವಾರದ್ದು ಹೋಯಿತು, ಉಳಿದದ್ದೆಲ್ಲ ಇತ್ತು. ಅದನ್ನೆಲ್ಲ ಅಲ್ಲೇ ಪೆನ್‌ಡ್ರೈವಿಗೆ ಇಳಿಸಿಕೊಂಡೆ. ಹಮೀದ್ ಕೇಳಿದಾಗ ನಡೆದ ಕತೆ ಹೇಳಿದೆ. ಇಷ್ಟು ತಿಂಗಳ ಕರೆಂಟಿನ ಹಣ ಎಷ್ಟಾಯಿತು ಎಂದೂ ಕೇಳಿದೆ.

"ಎಂತ ಮಾರಾಯ, ನಿನ್ನ ಅಮ್ಮನ ಕೈಯ ಸಾನ್ನಾ ತಿಂದದ್ದಕ್ಕೆ ನಾನು ಬಿಲ್ ಕೊಟ್ಟಿದ್ದೇನಾ?" ಎಂದು ಅವನು ಚಿಪ್ಸ್ ಒಡೆದ.

ಆ ಸಂಜೆ ಅಲ್ತಾರಿನ ಎದುರು ಕೂತು ಲವೀನಾ ಓದಿದಳು. "ತರಕಾರಿ, ಎಂಬತ್ತು. ಬಸಳೆ ಬೇಡವೆಂದು ಕಣ್ಣಲ್ಲೇ ಹೇಳಿದರು." "ಮಾತ್ರೆ, ಮುನ್ನೂರ ಹತ್ತು. ಬಲಗೈಯಲ್ಲಿ ಲೋಟ ಹಿಡಿದು ಎರಡು ಗುಟುಕು ಕುಡಿದರು, ಮೂರನೆಯದು ನನ್ನ ಮೇಲೆ." "ಚಪ್ಪಲಿ ರಿಪೇರಿ, ನಲವತ್ತು. ಇವರು ಮಾಂಯ್‌ಗೆ ಮಗ್ಗಿ ಹೇಳಿಕೊಡುತ್ತಾ ಕೂತಿದ್ದಾರೆ. ಇಬ್ಬರಿಗೂ ಒಳ್ಳೆಯದೇ." ಆಮೇಲೆ ಹಿಂದಕ್ಕೆ ಹೋಗಿ, ಮಾತು ಬಂದ ಆ ದಿನದ್ದು: "ಅಂಜಲ್, ಆರುನೂರ ಐವತ್ತು. ಇವತ್ತು ಮಾಂಯ್ ಮೊದಲ ಸಲ ಮಾತಾಡಿದರು, ಮ್ಹಾರಗ್ ಅಂದರು. ಅಡುಗೆಮನೆಗೆ ಹೋಗಿ ಅತ್ತು ಬಂದೆ. ಬಂದು ಪುನಃ ರೇಟು ಹೇಳಿದೆ. ಪುನಃ ಅಂದರು."

ಅಡುಗೆಮನೆಯಲ್ಲಿ ಅತ್ತದ್ದು ನನಗೆ ಗೊತ್ತಿರಲಿಲ್ಲ. ಗೇಟಿನಲ್ಲಿ ನಗುತ್ತಾ ನಿಂತವಳನ್ನು ಮಾತ್ರ ನಾನು ನೋಡಿದ್ದೆ. ಸೆಲ್ಫ್ ಹೋಸ್ಟೆಡ್ ಅಂತೆ! ಕರೆಂಟು ದೇವರದ್ದು, ಹಲಗೆ ಹಮೀದನದ್ದು, ಬರೆದದ್ದೆಲ್ಲ ಲವೀನಾಳದ್ದು. ಸ್ವಂತ ಎಂದು ನಾನು ಹಾಕಿದ್ದು ಆ ಕತ್ತರಿಯ ಸಾಲು ಒಂದೇ, ಅದನ್ನು ಮೊದಲು ಅಳಿಸಿದೆ.

ಮಾಂಯ್ ಪೂರ್ತಿ ಕೇಳಿದಳು. ಕೇಳಿ, ಅವತ್ತು ತಂದದ್ದು ಅಂಜಲ್ ಆಗಿರಲಿಕ್ಕಿಲ್ಲ, ಆ ರೇಟಿಗೆ ತಾನು ಬಿಡುತ್ತಲೇ ಇರಲಿಲ್ಲ ಎಂದು ತಕರಾರು ತೆಗೆದಳು. ನೆನಪಿಲ್ಲದ ದಿನದ ಬಗ್ಗೆಯೂ ಅವಳಿಗೆ ಅಷ್ಟು ಖಾತ್ರಿ.

ಮತ್ತೆ ಆ ದಿನದ ಖರ್ಚು ಬರೆಯುವ ಹೊತ್ತು. ನಾನೂ ಬಾಯಿಬಿಟ್ಟು ಹೇಳಿದೆ: ಪಂಪ್‌ವೆಲ್‌ಗೆ ಹೋಗಿ ಬಂದ ಬಸ್ಸಿಗೆ ಇಷ್ಟು, ಹಮೀದನಿಗೆ ಒಂದು ಪ್ಯಾಕೆಟ್ ಚಿಪ್ಸ್, ನೂರ ಇಪ್ಪತ್ತು. ಹೇಳಿ, ಮಂಚದ ಕಡೆಯಿಂದ ಬರಬೇಕಾದ ಆ ಶಬ್ದಕ್ಕೆ ಕಾದೆ.

"ಒಂದೇ ಪ್ಯಾಕೆಟಾ?" ಎಂದಳು ಮಾಂಯ್. ಒಂದೊಂದೇ ಶಬ್ದ ಹುಡುಕಿ ತರುತ್ತಾ, "ಅಷ್ಟು ಮಾಡಿದವನಿಗೆ... ಎರಡು ಕೊಡ್ಲಿಕ್ಕೆ... ಎಂತ ಆಗಿತ್ತು ನಿನಗೆ?" ಎಂದು ಕೇಳಿದಳು.

ಲವೀನಾ ಅದನ್ನು ಷರಾದಲ್ಲಿ ಬರೆದಳು, ಪೂರ್ತಿಯಾಗಿ.